ಷೇರು ನಿಮ್ಮ ಖಾತೆಯಲ್ಲೇ ಇದೆಯೇ? ನೋಡಿಕೊಳ್ಳುವುದು ಹೀಗೆ

ಬ್ರೋಕರ್ ಆ್ಯಪ್‌ನಲ್ಲಿ ಕಾಣುವ ಷೇರುಗಳ ಪಟ್ಟಿ ಬ್ರೋಕರ್ ಬರೆದಿಟ್ಟುಕೊಂಡ ಲೆಕ್ಕ. ಅಸಲಿ ಲೆಕ್ಕ ಇರುವುದು ಡಿಪಾಸಿಟರಿಯಲ್ಲಿ, ಅಂದರೆ ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳುವ ಸಂಸ್ಥೆಯಲ್ಲಿ. ದೇಶದಲ್ಲಿ ಇಂಥವು ಎರಡೇ: 1996ರಲ್ಲಿ ಆರಂಭವಾದ ಎನ್‌ಎಸ್‌ಡಿಎಲ್ ಮತ್ತು 1999ರಲ್ಲಿ ಬಂದ ಸಿಡಿಎಸ್‌ಎಲ್. ಇವೆರಡರ ಮೇಲೂ ಕಣ್ಣಿಟ್ಟಿರುವುದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ. ನಿಮಗೂ ಡಿಪಾಸಿಟರಿಗೂ ನಡುವೆ ನಿಂತ ಬ್ರೋಕರ್ ಬರೀ ಏಜೆಂಟ್. ಷೇರುಪೇಟೆಯವರ ಮಾತಿನಲ್ಲಿ 'ಡಿಪಿ' (ಡಿಪಾಸಿಟರಿ ಪಾರ್ಟಿಸಿಪೆಂಟ್).

ಎರಡೂ ಲೆಕ್ಕ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ಕಾರ್ವಿ ಎಂಬ ಬ್ರೋಕರ್ ಸಂಸ್ಥೆಯ 2019ರ ಪ್ರಕರಣ ತೋರಿಸಿತು. ಗ್ರಾಹಕರು ಬರೆದುಕೊಟ್ಟಿದ್ದ ಪವರ್ ಆಫ್ ಅಟಾರ್ನಿಯ (ಅಧಿಕಾರಪತ್ರ) ಬಲದಿಂದ ಅವರ ಷೇರುಗಳನ್ನು ತನ್ನ ಖಾತೆಗೆ ಎಳೆದುಕೊಂಡ ಸಂಸ್ಥೆ, ಅವನ್ನೇ ಅಡವಿಟ್ಟು ಸಾಲ ಎತ್ತಿತ್ತು. ನವೆಂಬರ್ 22ರಂದು ಸೆಬಿ ಆದೇಶ ಹೊರಬಿತ್ತು. ಡಿಸೆಂಬರ್ ಆರಂಭದಲ್ಲಿ ಎನ್‌ಎಸ್‌ಡಿಎಲ್ ಸುಮಾರು 83 ಸಾವಿರ ಗ್ರಾಹಕರ ಷೇರುಗಳನ್ನು ಅವರವರ ಖಾತೆಗೆ ಮರಳಿಸಿತು. ಆ್ಯಪ್ ಒಂದನ್ನೇ ನಂಬಿ ಕೂರಬಾರದು ಎನ್ನುವುದು ಇದಕ್ಕೇ.

ಮೊದಲು, ನಿಮ್ಮ ಖಾತೆ ಯಾವ ಡಿಪಾಸಿಟರಿಯಲ್ಲಿದೆ ಎಂದು ತಿಳಿದುಕೊಳ್ಳಿ. ಡಿಮ್ಯಾಟ್ (ಷೇರು ಇಡುವ ಖಾತೆ) ಸಂಖ್ಯೆ 'ಐಎನ್' ಅಕ್ಷರಗಳಿಂದ ಶುರುವಾಗಿ 14 ಅಂಕಿಗಳಿದ್ದರೆ ಎನ್‌ಎಸ್‌ಡಿಎಲ್. ಹದಿನಾರೂ ಅಂಕಿಗಳೇ ಆಗಿದ್ದರೆ ಸಿಡಿಎಸ್‌ಎಲ್.

ನಂತರ ಆಯಾ ಡಿಪಾಸಿಟರಿಯ ಜಾಲತಾಣಕ್ಕೆ ನೇರವಾಗಿ ಹೋಗಿ ನೋಂದಾಯಿಸಿಕೊಳ್ಳಿ. ಸಿಡಿಎಸ್‌ಎಲ್‌ನಲ್ಲಿ ಈ ಸೌಲಭ್ಯದ ಹೆಸರು 'ಈಸಿ', ಎನ್‌ಎಸ್‌ಡಿಎಲ್‌ನಲ್ಲಿ 'ಐಡಿಯಾಸ್'. ಒಟಿಪಿ ಯಾರ ಮೊಬೈಲ್‌ಗೆ ಬಂತು ಎಂಬುದನ್ನು ಇಲ್ಲೇ ಗಮನಿಸಿ. ಹಿರಿಯರ ಖಾತೆ ತೆರೆಯುವಾಗ ಮಧ್ಯವರ್ತಿಗಳು ತಮ್ಮದೇ ನಂಬರ್ ಕೊಟ್ಟಿರುವುದುಂಟು. ಹಾಗಿದ್ದರೆ ಉಳಿದ ಕೆಲಸ ಬದಿಗಿಟ್ಟು ಮೊದಲು ಡಿಪಿಗೆ ಅರ್ಜಿ ಕೊಟ್ಟು ಮೊಬೈಲ್ ಸಂಖ್ಯೆ ಬದಲಿಸಿ. ಡಿಪಾಸಿಟರಿಯ ಎಚ್ಚರಿಕೆ ಸಂದೇಶಗಳೆಲ್ಲ ಆ ನಂಬರಿಗೇ ಹೋಗುತ್ತವೆ.

ಮೂರನೆಯದು ಆ್ಯಪ್‌ನ ಪಟ್ಟಿಯನ್ನು ಡಿಪಾಸಿಟರಿಯ ಪಟ್ಟಿಯ ಜೊತೆ ತಾಳೆ ನೋಡುವ ಕೆಲಸ. ಡಿಪಾಸಿಟರಿಯಿಂದ ಇಮೇಲ್‌ಗೆ ಬರುವ ಒಟ್ಟು ಖಾತೆ ವಿವರದ ಪಟ್ಟಿಯನ್ನು (ಸಿಎಎಸ್) ತೆರೆಯದೇ ಬಿಡುವವರೇ ಹೆಚ್ಚು. ವ್ಯವಹಾರ ನಡೆದ ತಿಂಗಳಿನದು ಮರುತಿಂಗಳು ಬರಲೇಬೇಕು. ಅದರಲ್ಲಿ ಪ್ರತಿ ಷೇರಿನ ಎದುರು 12 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಐಎಸ್‌ಐಎನ್ ಇರುತ್ತದೆ. ಕಂಪನಿ ಷೇರಾದರೆ ಶುರುವಿನಲ್ಲಿ 'ಐಎನ್‌ಇ'. ಸಂಖ್ಯೆಯಷ್ಟನ್ನೇ ನೋಡಿ ಮುಗಿಸಬೇಡಿ. ಅಡಮಾನದ ಅಂಕಣದಲ್ಲಿ ಸೊನ್ನೆ ಇರಬೇಕಾದ ಕಡೆ ಬೇರೇನಾದರೂ ಕಂಡರೆ, ನೀವು ಮಾರ್ಜಿನ್‌ಗಾಗಿ (ವಹಿವಾಟಿಗೆ ಬ್ರೋಕರ್‌ಗೆ ಕೊಡುವ ಭದ್ರತೆ) ಒಪ್ಪಿಗೆ ಕೊಟ್ಟಿದ್ದೀರಾ ನೆನಪಿಸಿಕೊಳ್ಳಿ. 2020ರ ಸೆಪ್ಟೆಂಬರ್‌ನಿಂದ ಮಾರ್ಜಿನ್ ಷೇರುಗಳು ನಿಮ್ಮ ಖಾತೆಯಲ್ಲೇ ಉಳಿದು, ಒಟಿಪಿ ಮೂಲಕ ಅಡಮಾನವಾಗುತ್ತವೆ. ಕಾರ್ವಿಯ ನಂತರ ಆದ ಬದಲಾವಣೆಗಳಲ್ಲಿ ನನ್ನ ಮಟ್ಟಿಗೆ ಇದೇ ದೊಡ್ಡದು.

ಹಳೆಯ ಖಾತೆಯಾದರೆ ಇನ್ನೊಂದು ಕೆಲಸವಿದೆ. ಎಂದೋ ಸಹಿ ಹಾಕಿದ ಪವರ್ ಆಫ್ ಅಟಾರ್ನಿ ನೀವು ರದ್ದು ಮಾಡುವವರೆಗೂ ಜೀವಂತ. ಅದರ ಬದಲಿಗೆ 2022ರಲ್ಲಿ ಡಿಡಿಪಿಐ ಎಂಬ ಸೀಮಿತ ಅಧಿಕಾರಪತ್ರ ಬಂದಿದೆ (ಶಿಕ್ಷಣ ಇಲಾಖೆಯ ಡಿಡಿಪಿಐಗೂ ಇದಕ್ಕೂ ಸಂಬಂಧವಿಲ್ಲ). ಅದೂ ಕಡ್ಡಾಯವಲ್ಲ. ಅಪರೂಪಕ್ಕೊಮ್ಮೆ ಮಾರುವವರು ಯಾವ ಅಧಿಕಾರಪತ್ರಕ್ಕೂ ಸಹಿ ಹಾಕದೆ, ಪ್ರತಿ ಸಲ ಡಿಪಾಸಿಟರಿಯ ಒಟಿಪಿ ಕೊಟ್ಟೇ ಮಾರುವುದು ಲೇಸು. ಒಂದು ನಿಮಿಷ ಹೆಚ್ಚು ಹಿಡಿಯಬಹುದು, ಹಿಡಿಯಲಿ.

ಲೆಕ್ಕ ತಪ್ಪಿದ್ದರೆ ಫೋನ್ ಮಾತುಕತೆ ಸಾಲದು. ಡಿಪಿಗೆ ಲಿಖಿತ ದೂರು ಕೊಟ್ಟು, ಪ್ರತಿಯನ್ನು ಡಿಪಾಸಿಟರಿಗೂ ಕಳುಹಿಸಿ. ಬಗೆಹರಿಯದಿದ್ದರೆ ಸೆಬಿಯ 'ಸ್ಕೋರ್ಸ್' ಜಾಲತಾಣದಲ್ಲಿ ದೂರು ದಾಖಲಿಸಿ. ಎರಡೂ ಪಟ್ಟಿಗಳನ್ನು ಲಗತ್ತಿಸುವುದನ್ನು ಮರೆಯಬೇಡಿ. ಸಂಸ್ಥೆ 21 ದಿನಗಳಲ್ಲಿ ಉತ್ತರಿಸಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಮರುಪರಿಶೀಲನೆ ಕೇಳಬೇಕು. ಸುಮ್ಮನಿದ್ದರೆ ದೂರು ಮುಗಿಯಿತೆಂದೇ ಲೆಕ್ಕ.