ಹೊಸಬರಿಗೆ ಮಾರ್ಗದರ್ಶಿ: ಸ್ನೋ ಪೀಸ್ ತಂದ ದಿನ ಕುಕ್ಕರ್ ಮುಟ್ಟಬೇಡಿ

ವರ್ಗವಾಗಿಯೋ ಮಕ್ಕಳ ಕಾಲೇಜಿಗೆಂದೋ ಬೆಂಗಳೂರು ಬಿಟ್ಟು ದಾವಣಗೆರೆಗೆ ಬಂದವರು ನಮ್ಮ ಸಂಘದಲ್ಲಿ ಮೊದಲು ಕೇಳುವುದು ತರಕಾರಿ ವಿಷಯವನ್ನೇ. ದಾವಣಗೆರೆಯ ಕೆ.ಆರ್. ಮಾರುಕಟ್ಟೆಯಲ್ಲಿ ಬಟಾಣಿ ಅಂದರೆ ಕಾಳು ಬಿಡಿಸುವ ದುಂಡು ಕಾಯಿಯನ್ನೇ ತೂಗುತ್ತಾರೆ. ಅದಕ್ಕೆ ಗಾಡಿಯವರ ಜೊತೆ ವಾದ ಬೇಡ. ಸಿಪ್ಪೆ ಸಮೇತ ತಿನ್ನುವ ಸ್ನೋ ಪೀಸ್ ಬೇಕಿದ್ದರೆ ಬೆಂಗಳೂರಿಂದ ಬರುವವರಿಗೆ ಹೇಳಿ ತರಿಸಿಕೊಳ್ಳಿ.

ಆರಿಸುವುದು
- ಚಪ್ಪಟೆ, ಹಸಿರು, ಮುರಿದರೆ ಟಕ್ಕೆನ್ನಬೇಕು
- ಕಾಳು ಉಬ್ಬಿದ್ದರೆ ಬಲಿತಿದೆ, ಬಿಡಿ
- ಹಳದಿ ಕಲೆ, ಲೋಳೆ: ಬೇಡವೇ ಬೇಡ

ತರುವುದು, ಇಡುವುದು
ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಕವರಿನ ಬಾಯಿ ಬಿಗಿದು ಬಸ್ಸಿಗೆ ಹಾಕಿದರೆ ಚಿತ್ರದುರ್ಗ ದಾಟುವಷ್ಟರಲ್ಲಿ ಕಾಯಿ ಬೆವರಿರುತ್ತದೆ. ಕಿತ್ತ ಮೇಲೂ ಅದು ಉಸಿರಾಡುತ್ತದೆ, ತನ್ನ ಸಿಹಿಯನ್ನು ತಾನೇ ಖರ್ಚು ಮಾಡುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬಟ್ಟೆ ಚೀಲದಲ್ಲಿ ತನ್ನಿ. ಮನೆಗೆ ಬಂದ ರಾತ್ರಿಯೇ, ಎಷ್ಟೇ ಸುಸ್ತಾಗಿರಲಿ, ಫ್ರಿಜ್ಜಿಗೆ ಇಡಿ. ತೊಳೆದು ಇಡಬೇಡಿ ಅಂತ ಪ್ರತಿ ಸಲ ಹೇಳುತ್ತೇವೆ, ಪ್ರತಿ ಸಲ ಯಾರೋ ತೊಳೆದೇ ಇಡುತ್ತಾರೆ! ಪೇಪರಿನಲ್ಲಿ ಸುತ್ತಿ, ತೂತು ಮಾಡಿದ ಕವರಿಗೆ ಹಾಕಿ ತರಕಾರಿ ಟ್ರೇಯಲ್ಲಿಡಿ. ಮೂರು–ನಾಲ್ಕು ದಿನದೊಳಗೆ ಮುಗಿಸಿ. ಹೆಚ್ಚಿದ್ದರೆ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಒರೆಸಿ ಫ್ರೀಜರಿಗೆ. ಆಮೇಲೆ ಅದು ಮೆತ್ತಗಾಗುತ್ತದೆ, ಪಲಾವಿಗಷ್ಟೇ ಆದೀತು.

ಅಡುಗೆ
ತೊಟ್ಟು ಚಿವುಟಿ ನಾರು ಎಳೆಯಿರಿ. ಕಾಳು ಹುಡುಕಿ ಸಿಪ್ಪೆ ಬಿಸಾಕಿದರೆ ದುಡ್ಡು ಬಿಸಾಕಿದ ಹಾಗೆ. ಈ ಕಾಯಿಯೊಳಗೆ ಗಟ್ಟಿ ಪೊರೆ ಇರುವುದಿಲ್ಲ, ತಿನ್ನಬೇಕಾದ್ದೇ ಸಿಪ್ಪೆ. ಕುಕ್ಕರಿನಲ್ಲಿ ಮೂರು ವಿಷಲ್ ಹಾಕಿಸುವವರಿಗೆ ಸಂಘದಿಂದ ಯಾವ ಸಹಾಯವೂ ಇಲ್ಲ. ಚಳ್ಳಕೆರೆ ಕಡೆಯ ಶೇಂಗಾ ಎಣ್ಣೆ (ಅದರ ಮುಂದೆ ಬೇರೆ ಎಣ್ಣೆ ಯಾಕೆ?) ಚೆನ್ನಾಗಿ ಕಾಯಲಿ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ, ನೀರಾರಿದ ಕಾಯಿ ಸೇರಿಸಿ ದೊಡ್ಡ ಉರಿಯಲ್ಲಿ ಎರಡು–ಮೂರು ನಿಮಿಷ ಆಡಿಸಿ. ಮುಚ್ಚಳ ಬೇಡ, ಮುಚ್ಚಿದರೆ ಹಸಿರು ಮಾಸುತ್ತದೆ. ಇಳಿಸುವಾಗ ಉಪ್ಪು, ಗುರೆಳ್ಳು ಪುಡಿ.

ಜೊತೆಗೆ ಜೋಳದ ರೊಟ್ಟಿ. ಬಡಿಯಲು ಬಾರದಿದ್ದರೆ ನಾಚಿಕೆ ಬೇಡ, ಖಡಕ್ ರೊಟ್ಟಿ ಮಾರುವ ಮನೆ ಎಲ್ಲಿದೆ ಅಂತ ಪಕ್ಕದ ಮನೆಯ ಅಕ್ಕನನ್ನು ಕೇಳಿ. ಬಲಿತ ಕಾಯಿ ಸೇರಿಕೊಂಡಿದ್ದರೆ ಕಾಳು ಬಿಡಿಸಿ ಉಪ್ಪಿಟ್ಟಿಗೆ ಹಾಕಿ, ಸಿಪ್ಪೆ ದನಕ್ಕೆ.