ಮೆಣಸಿನ ಗಿಡ ಮುಟುರಿದೆಯೇ? ಮದ್ದಿಗೆ ಮೊದಲು ಎಲೆ ನೋಡಿ

ಕುಂಡದ ಮೆಣಸಿನ ಗಿಡದ ಕುಡಿ ಮುಟುರಿದರೆ ಸಾಕು, ಜನ ಕೈಗೆ ಸಿಕ್ಕ ಬಾಟಲಿ ಎತ್ತಿ ಸಿಂಪಡಿಸಿಬಿಡುತ್ತಾರೆ. ಗೊಬ್ಬರ ಸಾಲಲಿಲ್ಲವೇನೋ ಅಂತ ಯೂರಿಯಾ ಬೇರೆ. ಆಮೇಲೆ ಗಿಡ ಹೋಗಿದ್ದು ರೋಗಕ್ಕೋ ಔಷಧಿಗೋ ಅಂತಲೇ ಗೊತ್ತಾಗುವುದಿಲ್ಲ.

ಹಂತ 1: ಆ ಕುಂಡವನ್ನು ಬೇರೆ ಗಿಡಗಳಿಂದ ದೂರ ಇಡಿ. ಅಷ್ಟೇ.

ಹಂತ 2: ಕಾರಣ ಹುಡುಕಿ. ಎಲ್ಲರೂ ಎಡವುವುದು ಇಲ್ಲೇ. ಮುಟುರು ರೋಗಕ್ಕೆ ಮುಖ್ಯ ಕಾರಣ ಮೂರು, ಮೂರಕ್ಕೂ ದಾರಿ ಬೇರೆ. ಹಳೆಯ ಎಲೆ ಬಿಡಿ, ತುದಿಯ ಎಳೆ ಎಲೆಗಳನ್ನು ನೋಡಿ. ಅಂಚು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ ಇರಬಹುದು. ಕುಡಿಯ ಕೆಳಗೆ ಬಿಳಿ ಕಾಗದ ಹಿಡಿದು ಬೆರಳಿನಿಂದ ತಟ್ಟಿ. ತೆಳ್ಳಗಿನ, ಒಂದೆರಡು ಮಿಲಿಮೀಟರ್ ಉದ್ದದ ಹುಳುಗಳು ಓಡಾಡಿದರೆ ಅನುಮಾನ ಬೇಡ. ಅದೇ ದೋಣಿ ಬೋರಲಾದಂತೆ ಅಂಚು ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಇದು ಬರಿಗಣ್ಣಿಗೆ ಕಾಣುವುದು ಕಷ್ಟ, ಭೂತಗನ್ನಡಿ ಬೇಕು. ಕೆಲವು ಸಲ ಎರಡೂ ಒಟ್ಟಿಗೇ ಬಂದಿರುತ್ತವೆ, ಹಾಗಾಗಿ ಒಂದು ಸಿಕ್ಕಿತು ಅಂತ ಹುಡುಕುವುದು ನಿಲ್ಲಿಸಬೇಡಿ.

ಎಲೆ ಚಿಕ್ಕದಾಗಿ, ಸುಕ್ಕಾಗಿ, ಹಳದಿ ತಿರುಗಿ, ಗೆಣ್ಣುಗಳು ಒತ್ತೊತ್ತಾಗಿ ಗಿಡವೇ ಗಿಡ್ಡವಾಗಿದ್ದರೆ ವೈರಸ್. ಅದನ್ನು ಹರಡುವುದು ಬಿಳಿ ನೊಣ. ಗಿಡ ಅಲ್ಲಾಡಿಸಿದರೆ ಎಲೆಯಡಿಯಿಂದ ಹಾರುತ್ತವೆ.

ಹಂತ 3: ಈಗ ಮದ್ದು. ಥ್ರಿಪ್ಸ್‌ಗೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದು ಬೆರೆಯುವಷ್ಟು ಮೆದು ಸೋಪಿನ ನೀರು. ಸಂಜೆ ಹೊತ್ತು, ಎಲೆಯ ಅಡಿ ಪೂರ್ತಿ ನೆನೆಯುವ ಹಾಗೆ, ವಾರಕ್ಕೊಮ್ಮೆ ಮೂರು ವಾರ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಎಲೆ ಸುಡುತ್ತದೆ. 'ಎಲ್ಲ ರೋಗಕ್ಕೂ ಒಂದೇ' ಅಂತ ದೊಡ್ಡದಾಗಿ ಬರೆದು, ಒಳಗೇನಿದೆ ಅಂತ ಬರೆಯದ ಬಾಟಲಿಗಳು ಬರುತ್ತವಲ್ಲ, ಅವನ್ನು ಮುಟ್ಟಲೇಬೇಡಿ.

ಮೈಟ್‌ಗೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 3 ಗ್ರಾಂ. ಮೈಟ್ ಜೇಡನ ಬಳಗದ್ದು, ಕೀಟಕ್ಕೆಂದು ಮಾಡಿದ ಎಷ್ಟೋ ಔಷಧಿ ಅದಕ್ಕೆ ನಾಟುವುದಿಲ್ಲ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ. ಸುಡುಬಿಸಿಲಿನ ದಿನವಂತೂ ಬೇಡ.

ವೈರಸ್‌ಗೆ ಮದ್ದಿಲ್ಲ. ಬೆಳಗಿನ ತಂಪಿನಲ್ಲಿ ನೊಣಗಳು ಜಡವಾಗಿರುತ್ತವೆ. ಆಗಲೇ ಗಿಡಕ್ಕೆ ಚೀಲ ಮುಚ್ಚಿ ಬೇರುಸಹಿತ ಕಿತ್ತುಬಿಡಿ. 'ಪಾಪ, ಕಾಯಿ ಬಿಟ್ಟಿದೆ' ಅಂತ ಉಳಿಸಿಕೊಂಡರೆ ಪಕ್ಕದ ಮೆಣಸಿನ ಗಿಡಗಳಿಗೂ ಅಂಟುತ್ತದೆ.

ಹಂತ 4: ಕಾಯಿರಿ. ಮುಟುರಿದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ, ಅದನ್ನು ನೋಡಿ ಮದ್ದು ಕೆಲಸ ಮಾಡಲಿಲ್ಲ ಅಂತ ಡೋಸ್ ಜಾಸ್ತಿ ಮಾಡಬೇಡಿ. ಹೊಸ ಚಿಗುರು ಅಗಲವಾಗಿ ಬಂದರೆ ಗೆದ್ದಂತೆ. ತೀರಾ ಹಾಳಾದ ತುದಿಗಳನ್ನು ಚಿವುಟಿ, ಹೊಸ ಚಿಗುರು ಚೆನ್ನಾಗಿ ನೆಲೆಗೊಳ್ಳುವವರೆಗೆ ಯೂರಿಯಾ ಕೊಡಬೇಡಿ. ಮುಂದಿನ ಸಲ ಸಸಿ ಬೆಳೆಸುವಾಗ ಸಣ್ಣ ಕಣ್ಣಿನ ಬಲೆ ಮುಚ್ಚಿ, ಬಿಳಿ ನೊಣಕ್ಕೆ ಹಳದಿ ಅಂಟುಹಾಳೆ, ಥ್ರಿಪ್ಸ್‌ಗೆ ನೀಲಿ ಅಂಟುಹಾಳೆ ತೂಗುಹಾಕಿ.