ಬೇವಿನ ಗಿಡ ನೋಡಿ ಮಾಳಿಗೆಗೆ ನೆರಳು ಕಟ್ಟುವುದು ಹೇಗೆ?

ಪ್ರಕೃತಿ ನೋಡಿ ಡಿಸೈನ್ ಮಾಡೋದು ಅಂದ ಕೂಡಲೇ ಎಲೆ ಆಕಾರದ ಗೇಟು, ಹೂವಿನ ಆಕಾರದ ಲೈಟು ನೆನಪಾಗುತ್ತೆ. ಆಕಾರ ಬಿಡಿ. ಎಲೆ ಏನು ಕೆಲಸ ಮಾಡುತ್ತೆ ಅಂತ ನೋಡಿ.

ಮೊದಲು ನಿಮಗೇನು ಬೇಕು ಅಂತ ಬರೆದುಕೊಳ್ಳಿ. ಸುಮ್ನೆ 'ತಂಪಾದ ಮನೆ' ಅಂದರೆ ಸಾಲದು. 'ಮೇ ತಿಂಗಳ ಬಿಸಿಲು ಸ್ಲ್ಯಾಬಿಗೆ ಬೀಳಬಾರದು, ಗಾಳಿ ಆಡಬೇಕು' ಅಂತ ಬರೆಯಿರಿ. ಕಲಬುರಗಿಯ 42-43 ಡಿಗ್ರಿ ಬಿಸಿಲಲ್ಲಿ ಈ ಕೆಲಸವನ್ನು ಆಗಲೇ ಯಾರು ಮಾಡ್ತಿದ್ದಾರೆ? ಬೇವಿನ ಗಿಡ, ಅಲ್ವಾ?

ಮಧ್ಯಾಹ್ನ ಎರಡಕ್ಕೆ ಬೇವಿನ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿ, ಆಮೇಲೆ ತಗಡಿನ ಶೆಡ್ಡಿನ ಕೆಳಗೆ ನಿಲ್ಲಿ. ಎರಡೂ ನೆರಳೇ. ಆದರೆ ತಗಡು ಕಾದು ಆ ಕಾವನ್ನೆಲ್ಲ ನಿಮ್ಮ ತಲೆ ಮೇಲೆ ಬಿಡುತ್ತೆ. ಬೇವಿನ ಎಲೆ ಸಣ್ಣದು, ಸುತ್ತ ಗಾಳಿ ಆಡುತ್ತೆ, ಹಾಗಾಗಿ ಕಾವನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳೋದಿಲ್ಲ, ಜೊತೆಗೆ ಎಲೆಯಿಂದ ನೀರು ಆವಿಯಾಗಿ ಹೋಗ್ತಾನೇ ಇರುತ್ತೆ, ಮೇಲಿನ ಎಲೆ ಬಿಟ್ಟ ಬಿಸಿಲನ್ನು ಕೆಳಗಿನದು ಹಿಡಿಯುತ್ತೆ.

ಇದರಲ್ಲಿ ನೀರಿನ ಕೆಲಸ ನಮಗೆ ಬೇಡ. ಕುಡಿಯೋ ನೀರಿಗೇ ಪರದಾಡುವ ತಿಂಗಳಲ್ಲಿ ಮಾಳಿಗೆಗೆ ನೀರು ಹೊಡೆಯೋದು ಸರಿಯಲ್ಲ. ಉಳಿದದ್ದನ್ನು ತಗೊಳ್ಳಿ: ಸಣ್ಣ ತುಂಡು, ನಡುವೆ ಸಂದು, ಎರಡು ಪದರ. ನಮ್ಮ ಕಡೆ ತೊಗರಿ ಕಟ್ಟಿಗೆಗೆ ಏನು ಕಮ್ಮಿ? ರಾಶಿ ಆದಮೇಲೆ ಅದರಲ್ಲಿ ತಟ್ಟಿ ಕಟ್ಟಿಸಿ. ಒಂದು ತಟ್ಟಿ ಉದ್ದಕ್ಕೆ, ಅದರ ಮೇಲೆ ಗೇಣು ಜಾಗ ಬಿಟ್ಟು ಇನ್ನೊಂದು ಅಡ್ಡಕ್ಕೆ. ಕೆಳಗಿನ ತಟ್ಟಿ ಸ್ಲ್ಯಾಬಿಗೆ ತಾಗಬಾರದು, ನಾಲ್ಕೂ ಕಡೆ ಗಾಳಿ ಹಾಯಬೇಕು. ಮುಂಗಾರಿಗೆ ಮುಂಚೆ ಬರುವ ಬಿರುಗಾಳಿಗೆ ಹಾರಿ ಹೋಗದಂತೆ ತಂತಿಯಿಂದ ಬಿಗಿಯಿರಿ. ಒಣ ಕಟ್ಟಿಗೆ, ಬೆಂಕಿ ಬೇಗ ಹತ್ತುತ್ತೆ. ಕರೆಂಟ್ ವೈರು, ಒಲೆಯ ಹೊಗೆ ಕೊಳವೆ ಹತ್ತಿರ ಮಾತ್ರ ಬೇಡವೇ ಬೇಡ.

ಇನ್ನು ರಾತ್ರಿ. ಜಿಂಬಾಬ್ವೆಯ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಕಟ್ಟಡಕ್ಕೆ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಗೆದ್ದಲ ಹುತ್ತ ನೋಡಿ ಡಿಸೈನ್ ಮಾಡಿದರು. ರಾತ್ರಿಯ ತಂಪು ಗಾಳಿ ಹರಿಸಿ ಕಾಂಕ್ರೀಟನ್ನು ತಣಿಸೋದು, ಹಗಲು ಆ ತಂಪನ್ನು ಬಳಸೋದು. ಹುತ್ತ ಅಸಲಿಗೆ ಹಾಗೆ ಕೆಲಸ ಮಾಡೋದಿಲ್ಲ ಅಂತ ವಿಜ್ಞಾನಿಗಳು ಆಮೇಲೆ ತೋರಿಸಿದರು, ಆದರೂ ಕಟ್ಟಡ ತಂಪಾಗಿದೆ. ನೀವೂ ಬಿಸಿಲೇರುವ ಮುಂಚೆ ಕಿಟಕಿ ಮುಚ್ಚಿ, ರಾತ್ರಿ ಎದುರುಬದುರು ಕಿಟಕಿ ತೆರೆದಿಡಿ, ಮೆಟ್ಟಿಲ ಮೇಲಿನ ಬಾಗಿಲೂ ತೆರೆದಿರಲಿ. ಬಿಸಿ ಗಾಳಿ ಮೇಲಿಂದ ಹೊರಗೆ ಹೋಗುತ್ತೆ. ಬೀದರಿನ ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆಯ ಹಳೇ ಮನೆಗಳಿಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತೆ.

ಈ ಬೇಸಿಗೆಗೆ ಅರ್ಧ ಮಾಳಿಗೆಗೆ ಮಾತ್ರ ತಟ್ಟಿ ಹಾಕಿ ನೋಡಿ. ಸಂಜೆ ನಾಲ್ಕಕ್ಕೆ ಎರಡೂ ಕಡೆ, ಒಳಗಿನಿಂದ ಚಾವಣಿಗೆ ಕೈ ಹಚ್ಚಿ. ಜಾಸ್ತಿ ವ್ಯತ್ಯಾಸ ಸಿಕ್ಕರೆ ಉಳಿದರ್ಧಕ್ಕೂ ಕಟ್ಟಿಸಿ, ಸಿಗದಿದ್ದರೆ ಎರಡು ತಟ್ಟಿಗಳ ನಡುವಿನ ಜಾಗ ಹೆಚ್ಚಿಸಿ.